ಮೇಲೆ ಥಳುಕು, ಕೆಳಗೆ ಹುಳುಕು!

ಇಂಗ್ಲೆಂಡಿನಲ್ಲಿ ಹಳೇ ಕಾರು ಸಾಕುವವರ ಒಂದು ವಿಚಿತ್ರ ಲೆಕ್ಕಾಚಾರವನ್ನು ಗಮನಿಸಿದ್ದೀರಾ? ಬಣ್ಣ ಹೊಡೆಸಲು ಸಾವಿರಾರು ಪೌಂಡ್ ಸುರೀತಾರೆ. ಬಂಪರಿನ ಕ್ರೋಮ್‌ನಲ್ಲಿ ಮುಖ ಕಾಣಬೇಕು, ಸೀಟಿನ ಚರ್ಮ ಆ ಕಾಲದ್ದೇ ಆಗಿರಬೇಕು. ಟೈರಿನ ಮಾತು ಬಂತೋ, "ಗ್ರಿಪ್ ಇನ್ನೂ ಹಾಗೇ ಇದೆ ಕಣ್ರೀ, ವರ್ಷಕ್ಕೆ ಐನೂರು ಮೈಲಿನೂ ಓಡಲ್ಲ" ಅಂತ ಕೈ ಒದರಿಬಿಡ್ತಾರೆ. ಮದುಮಗನಿಗೆ ರೇಷ್ಮೆ ಪಂಚೆ ಉಡಿಸಿ, ಕಾಲಿಗೆ ಉಂಗುಷ್ಟ ಕಿತ್ತ ಚಪ್ಪಲಿ ಹಾಕಿಸಿದ ಹಾಗೆ!

ಜಾಗ್ವಾರ್ ಇ-ಟೈಪ್ ಕಾರನ್ನೇ ತಗೊಳ್ಳಿ. 1961ರಲ್ಲಿ ಜಿನೀವಾದಲ್ಲಿ ಬಿಡುಗಡೆಯಾದಾಗ ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್ ಓಡುತ್ತೆ ಅಂತ ಹೆಸರಾದ ಕಾರು. ಅಂಥ ಕಾರನ್ನು ರಸ್ತೆಗೆ ಹಿಡಿದಿಟ್ಟಿರೋದು ಏನು? ಅಂಗೈಯಗಲದ ನಾಲ್ಕು ರಬ್ಬರ್ ತುಂಡು, ಅಷ್ಟೇ. ಬ್ರೇಕು, ಸ್ಟಿಯರಿಂಗು ಎಲ್ಲವೂ ಅದನ್ನೇ ನಂಬಿಕೊಂಡಿವೆ.

"ಓಡಿಸೋದೇ ಕಡಿಮೆ" ಅನ್ನುವ ವಾದ ಇದೆಯಲ್ಲ, ಅದು ಪೂರ್ತಿ ಉಲ್ಟಾ. ರಬ್ಬರಿಗೆ ಬೆರೆಸಿದ ರಕ್ಷಕ ಮೇಣ ಮೇಲ್ಮೈಗೆ ಚೆನ್ನಾಗಿ ಬರೋದು ಟೈರ್ ಉರುಳಿ ಬಾಗಿದಾಗ. ಶೆಡ್ಡಿನಲ್ಲಿ ನಿಂತೇ ಇದ್ದರೆ ಗಾಳಿಯ ಆಮ್ಲಜನಕ, ಓಝೋನ್ ಎರಡೂ ಸದ್ದಿಲ್ಲದೆ ತಿನ್ನುತ್ತಾ ಹೋಗುತ್ತವೆ. ರಬ್ಬರ್ ಗಟ್ಟಿಯಾಗುತ್ತೆ, ಒಳಗೆ ಪದರಗಳ ಅಂಟು ಬಿಡುತ್ತೆ. ಗ್ರಿಪ್ ನೋಡಿದರೆ ಇದು ಗೊತ್ತಾಗಲ್ಲ ಸ್ವಾಮೀ!

ಇದು ಬರೀ ಹೆದರಿಸುವ ಮಾತಲ್ಲ. 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವದಿಂದ ಹಿಂದಿರುಗುತ್ತಿದ್ದ ಬಸ್ಸೊಂದು ಸರ್ರೆಯ ಹೈಂಡ್‌ಹೆಡ್ ಬಳಿ ಮರಕ್ಕೆ ಗುದ್ದಿ ಮೂವರು ಸತ್ತರು. ಸಿಡಿದ ಮುಂದಿನ ಟೈರಿಗೆ 19 ವರ್ಷ ದಾಟಿತ್ತು. ಸತ್ತ ಹುಡುಗನೊಬ್ಬನ ತಾಯಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2021ರ ಫೆಬ್ರವರಿ 1ರಿಂದ ಬಸ್ಸು, ಲಾರಿಗಳ ಮುಂದಿನ ಚಕ್ರಗಳಿಗೆ ಹತ್ತು ವರ್ಷ ದಾಟಿದ ಟೈರ್ ಹಾಕುವಂತಿಲ್ಲ ಅಂತ ಕಾನೂನಾಯಿತು. ಕಾರುಗಳಿಗೆ ಅದು ಅನ್ವಯಿಸಲ್ಲ. ಅದರ ಮೇಲೆ, ದೊಡ್ಡ ಮಾರ್ಪಾಡು ಮಾಡಿರದ 40 ವರ್ಷ ದಾಟಿದ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆಯೇ ಕಡ್ಡಾಯವಲ್ಲ! ಅಂದರೆ ನೋಡುವವರು ಯಾರೂ ಇಲ್ಲ, ಮಾಲೀಕನೊಬ್ಬನನ್ನು ಬಿಟ್ಟು. ಅವನೂ ಕ್ರೋಮ್ ಒರೆಸುತ್ತಾ ಕೂತರೆ?

ವಯಸ್ಸು ತಿಳಿಯೋಕೆ ಜ್ಯೋತಿಷಿ ಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2316 ಅಂದರೆ 2016ರ 23ನೇ ವಾರ. ಮೂರೇ ಅಂಕಿ ಇದ್ದರೆ 2000ಕ್ಕಿಂತ ಮುಂಚಿನದು. ಅದನ್ನು ಇವತ್ತೇ ಬಿಚ್ಚಿಸಿ.

ಇನ್ನೊಂದು ಜಾತಿಯವರಿದ್ದಾರೆ, ಹೊಸ ಟೈರು ಹಾಕಿಸ್ತಾರೆ, ಆದರೆ ಕೈಗೆ ಸಿಕ್ಕಿದ್ದನ್ನ. ಇ-ಟೈಪಿನ ರೇಡಿಯಲ್ ಅಳತೆ 185 ಆರ್ 15, ಎತ್ತರ ಸುಮಾರು 677 ಮಿ.ಮೀ. ಅಗ್ಗಕ್ಕೆ ಸಿಕ್ಕಿತು ಅಂತ 185/65 ಹಾಕಿದರೆ 621ಕ್ಕೆ ಇಳಿಯುತ್ತೆ. ಗೇರಿನ ಲೆಕ್ಕ ಕೆಡುತ್ತೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತೆ. ತೀರಾ ಅಗಲದ್ದು ಹಾಕಿದರೆ ಪವರ್ ಸ್ಟಿಯರಿಂಗ್ ಇಲ್ಲದ ಕಾರನ್ನು ತಿರುಗಿಸೋಕೆ ಗರಡಿಯಾಳು ಬೇಕು. ಸ್ಪೋಕ್ ಚಕ್ರಕ್ಕೆ ಟ್ಯೂಬ್ ಬೇಕೇ ಬೇಕು, ಆ ಟ್ಯೂಬನ್ನು ಒಳಗಿಂದ ಉಜ್ಜಿ ತೂತು ಮಾಡದ ಟೈರೂ ಬೇಕು. ವೇಗದ ಗುರುತು "ವಿ" ಇದ್ದರೆ 240 ಕಿಲೋಮೀಟರಿಗೆ ತಾಳುತ್ತೆ, "ಟಿ" 190ಕ್ಕೇ ಕೈ ಚೆಲ್ಲುತ್ತೆ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕೋದಂತೂ ಅಲ್ಲಿ ಕಾನೂನುಬಾಹಿರ.

"ಸರಿಯಾದದ್ದು ದುಬಾರಿ" ಅಂತೀರಾ? ನಿಜ. ಆದರೆ ಪಿರೆಲ್ಲಿಯಂಥ ಕಂಪನಿಗಳು ಹಳೇ ಅಳತೆ, ಹಳೇ ರೂಪದಲ್ಲೇ ಹೊಸ ರಬ್ಬರಿನ ಟೈರ್ ಮಾಡಿ ಮಾರುತ್ತಿವೆ. ಆ ಕಾರಿನ ಬೆಲೆಯ ಮುಂದೆ ನಾಲ್ಕು ಟೈರಿನ ಖರ್ಚು ಚಿಲ್ಲರೆ ಕಾಸು. ಕಾರು ಕೊಳ್ಳೋಕೆ ದುಡ್ಡಿದೆ, ಟೈರಿಗಿಲ್ಲ ಅನ್ನುವವರು ಅದನ್ನು ಮ್ಯೂಸಿಯಮ್ಮಿಗೆ ಕೊಡಲಿ. ಯಾಕೆಂದರೆ ಟೈರ್ ಸಿಡಿದಾಗ ಎದುರುಗಡೆಯಿಂದ ಬರ್ತಿರೋನು ಈ ಹುಚ್ಚಿಗೆ ಸಹಿ ಹಾಕಿರಲ್ಲ.

ಏನಂತೀರಿ?