ಮನೆಯಾಚೆಗೊಂದು ಕುರ್ಚಿ

ದುಡಿಮೆಗೆ ಒಂದು ನೆಲೆ ಬೇಕು. ಒಕ್ಕಲಿಗನಿಗೆ ಹೊಲವಿದೆ, ನೇಕಾರನಿಗೆ ಮಗ್ಗವಿದೆ, ಕಮ್ಮಾರನಿಗೆ ಕುಲುಮೆಯಿದೆ, ವ್ಯಾಪಾರಿಗೆ ಅಂಗಡಿಯಿದೆ. ಆತನು ಆ ನೆಲೆಗೆ ಹೋಗಿ ಕುಳಿತನೆಂದರೆ, ಕೆಲಸದಲ್ಲಿದ್ದಾನೆಂದು ಮನೆಮಂದಿಯೂ ನೆರೆಹೊರೆಯವರೂ ತಿಳಿಯುತ್ತಾರೆ. ಯಾರೂ ಸುಮ್ಮನೆ ಕರೆಯುವುದಿಲ್ಲ. ಆದರೆ ಇಂದು ನಮ್ಮ ನಗರಗಳ ಅಸಂಖ್ಯ ಮನೆಗಳಲ್ಲಿ ಇಂತಹ ಗುರುತಿನ ನೆಲೆಯೇ ಇಲ್ಲದ ದುಡಿಮೆಯೊಂದು ನಡೆದಿದೆ. ಮುಂದೊಂದು ಲ್ಯಾಪ್‌ಟಾಪ್, ಜೊತೆಗೊಂದು ಮೊಬೈಲ್, ಕುಳಿತಲ್ಲೇ ಕಚೇರಿ. ನೋಡುವವರ ಕಣ್ಣಿಗೆ ಅದು ಕೆಲಸವೋ ಕಾಲಹರಣವೋ ತಿಳಿಯದು.

2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳ ಕೆಲಸ ಮನೆಗಳಿಗೆ ಬಂದಿತು. ಬಾಗಿಲು ತೆರೆದ ಮೇಲೆಯೂ ಅದು ಪೂರ್ತಿಯಾಗಿ ಹಿಂದಿರುಗಲಿಲ್ಲ. ಕೆಲವು ಸಂಸ್ಥೆಗಳು ಎಲ್ಲರನ್ನೂ ಕರೆಸಿಕೊಂಡವು. ಕೆಲವು ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಮಾಡಿರೆಂದವು. ಭಾಷಾಂತರಕಾರರು, ಲೆಕ್ಕಪತ್ರ ನೋಡುವವರು, ವಿನ್ಯಾಸಕಾರರು, ಅಂತರಜಾಲದ ಮೂಲಕ ಪಾಠ ಹೇಳುವವರು ಮೊದಲಾದವರಿಗಂತೂ ಹಿಂದಿರುಗಲು ಕಚೇರಿಯೆಂಬುದೇ ಇಲ್ಲ.

ಎರಡು ಕೋಣೆಯ ಮನೆಯಲ್ಲಿ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೆಡೆ ದೂರದರ್ಶನದ ಧಾರಾವಾಹಿ, ಒಂದೆಡೆ ಕುಕ್ಕರಿನ ಕೂಗು, ಬಾಗಿಲಲ್ಲಿ ಕೊರಿಯರಿನವನು, ಪಡಸಾಲೆಯಲ್ಲಿ ನೆಂಟರು. ಇವೆಲ್ಲದರ ಭಾರವು ಹೆಚ್ಚಾಗಿ ಬೀಳುವುದು ಮನೆಯ ಸೊಸೆಯ ಮೇಲೆ. ಬಾಗಿಲು ಮುಚ್ಚಿಕೊಳ್ಳಬಹುದಾದ ಕೋಣೆ ಮಗನಿಗೆ ಸಲ್ಲುತ್ತದೆ. ಊಟದ ಮೇಜಿನ ಮೂಲೆ ಸೊಸೆಗೆ ಉಳಿಯುತ್ತದೆ. ‘ಹೇಗೂ ಮನೆಯಲ್ಲೇ ಇದ್ದೀಯಲ್ಲಮ್ಮ’ ಎಂಬ ಮಾತನ್ನು ಯಾರೂ ಕೇಡೆಣಿಸಿ ಆಡುವುದಿಲ್ಲ. ಆದರೂ ಹಗಲಲ್ಲಿ ಹತ್ತು ಸಲ ಎದ್ದ ಆಕೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಉಳಿದ ಕೆಲಸ ಮುಗಿಸುತ್ತಾಳೆ. ಹೀಗೆ ವರ್ಷವೆರಡು ವರ್ಷ ಸವೆದ ಬಳಿಕ ಒಂದು ದಿನ ಕೆಲಸವನ್ನೇ ಬಿಟ್ಟುಬಿಡುತ್ತಾಳೆ. ಕಷ್ಟಪಟ್ಟು ಓದಿ ಪಡೆದ ಉದ್ಯೋಗವೊಂದು ಜಗಳವಿಲ್ಲದೆ, ಸದ್ದಿಲ್ಲದೆ ಕೈಜಾರಿ ಹೋಗುವುದು ಹೀಗೆ. ವಾರಕ್ಕೆ ಎರಡು ದಿನವಾದರೂ ಮನೆಯಾಚೆ ಕುಳಿತು ದುಡಿಯಲು ಒಂದು ಕುರ್ಚಿ ದೊರೆತರೆ ಎಷ್ಟೋ ಉದ್ಯೋಗಗಳು ಉಳಿಯುತ್ತವೆ.

ಆದರೆ ಬೆಂಗಳೂರಿನಂತಹ ನಗರದಲ್ಲಿ ಆ ಕುರ್ಚಿ ಎಲ್ಲಿದೆ? ನಮ್ಮವರಿಗೆ ಪ್ರಿಯವಾದ ದರ್ಶಿನಿಗಳನ್ನು ಈ ಲೆಕ್ಕದಿಂದ ಬಿಡಬೇಕು. 1980ರ ದಶಕದಲ್ಲಿ ಇಲ್ಲಿ ಬೆಳೆದ ಆ ಪದ್ಧತಿಯ ಗುಟ್ಟೇ ನಿಂತು ತಿಂದು ಬೇಗ ಹೊರಡುವುದರಲ್ಲಿದೆ. ಅಗ್ಗದ ಬೆಲೆಗೂ ಅದೇ ಆಧಾರ. ಕುಳಿತು ಕೆಲಸ ಮಾಡಬಹುದಾದ ಕಾಫಿ ಅಂಗಡಿಗಳು ಬೇರೆ ಬಗೆಯವು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಮಳಿಗೆಯನ್ನು ತೆರೆದಾಗ ಅಲ್ಲಿ ಕಾಫಿಯ ಜೊತೆಗೆ ಅಂತರಜಾಲವೂ ದೊರೆಯುತ್ತಿತ್ತು. ಅಂದು ಆರಂಭವಾದ ಆ ರೂಢಿ ಇಂದು ನಗರದ ಬಡಾವಣೆ ಬಡಾವಣೆಗೂ ಹರಡಿದೆ. ಅಲ್ಲಿ ಕಾಫಿಯ ಬೆಲೆಯಲ್ಲಿ ಕುರ್ಚಿಯ ಬಾಡಿಗೆಯೂ ಸೇರಿರುತ್ತದೆಂದು ತಿಳಿಯಬೇಕು. ಒಂದು ಕಾಫಿ ಕೊಂಡು ಆರು ತಾಸು ಕೂರುವುದು, ಊಟದ ಹೊತ್ತಿನಲ್ಲಿ ನಾಲ್ವರ ಮೇಜನ್ನು ಒಬ್ಬರೇ ಹಿಡಿಯುವುದು ನ್ಯಾಯವಲ್ಲ.

ಎರಡನೆಯದು ಕೋವರ್ಕಿಂಗ್ ಎಂದು ಕರೆಯುವ ಬಾಡಿಗೆಯ ಕಚೇರಿಗಳು. ಮೇಜು, ವಿದ್ಯುತ್ತು, ಅಂತರಜಾಲ, ಶೌಚಾಲಯ, ಫೋನಿನಲ್ಲಿ ಮಾತನಾಡಲು ಪ್ರತ್ಯೇಕ ಗೂಡು, ಎಲ್ಲವೂ ಅಲ್ಲಿ ಉಂಟು. ದಿನದ ಲೆಕ್ಕದಲ್ಲಿಯೂ ತಿಂಗಳ ಲೆಕ್ಕದಲ್ಲಿಯೂ ಸ್ಥಳ ಕೊಡುತ್ತಾರೆ. ದಿನಕ್ಕೆ ನೂರಾರು, ತಿಂಗಳಿಗೆ ಸಾವಿರಾರು ರೂಪಾಯಿ ತೆರಬೇಕಾಗುವುದರಿಂದ ಸಣ್ಣ ಸಂಪಾದನೆಯವರಿಗೆ ಇದು ನಿತ್ಯದ ದಾರಿಯಾಗದು. ಮುಖ್ಯವಾದ ಸಭೆಯಿರುವ ದಿನಗಳಿಗೆ ಮಾತ್ರ ಇದನ್ನು ಬಳಸುವುದು ಜಾಣತನ. ಮೂರನೆಯದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗಾಗಿ ತೆರೆದಿರುವ ಖಾಸಗಿ ವಾಚನಾಲಯಗಳು. ಬೆಂಗಳೂರಿನ ವಿಜಯನಗರ, ಧಾರವಾಡದ ಸಪ್ತಾಪುರ ಇವಕ್ಕೆ ಹೆಸರಾಗಿವೆ. ಮೌನವಾಗಿ ಬರೆಯುವ, ಲೆಕ್ಕ ಮಾಡುವ ಕೆಲಸದವರಿಗೆ ಇವು ಒಗ್ಗಬಹುದು. ಫೋನಿನಲ್ಲಿ ಮಾತನಾಡಬೇಕಾದವರಿಗೆ ಒಗ್ಗುವುದಿಲ್ಲ.

ನಾಲ್ಕನೆಯದೇ ಎಲ್ಲರೂ ಮರೆತಿರುವ ಸ್ಥಳ: ಸಾರ್ವಜನಿಕ ಗ್ರಂಥಾಲಯ. 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನದ ಹಸುರಿನ ನಡುವೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನವಿದೆ. ಆ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿರುವುದನ್ನು ಮುಂದೆ ಹಾದುಹೋಗುವವರಲ್ಲಿ ಎಷ್ಟು ಜನ ಬಲ್ಲರು? ಬಸವನಗುಡಿಯಲ್ಲಿ 1945ರಲ್ಲಿ ಸ್ಥಾಪನೆಯಾದ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿಯೂ ಗ್ರಂಥಾಲಯವಿದೆ. ಇವಲ್ಲದೆ ನಗರ ಕೇಂದ್ರ ಗ್ರಂಥಾಲಯದ ಶಾಖೆಗಳು ಬಡಾವಣೆಗಳಲ್ಲಿ ಹರಡಿವೆ.

ಈ ಗ್ರಂಥಾಲಯಗಳ ವಿಷಯದಲ್ಲಿ ಗೃಹಸ್ಥರು ಅರಿಯಬೇಕಾದ ಸಂಗತಿಯೊಂದಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೇರೆಗೆ ನಗರದಲ್ಲಿ ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬರಿಂದಲೂ ಆ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ಸಂಗ್ರಹಿಸಲಾಗುತ್ತದೆ. ಬಾಡಿಗೆಯ ಮನೆಯವರೂ ಬಾಡಿಗೆಯ ಮೂಲಕ ಇದರಲ್ಲಿ ಪಾಲು ಕೊಟ್ಟೇ ಇರುತ್ತಾರೆ. ಎಂದರೆ ಆ ವಾಚನಾಲಯದ ಕುರ್ಚಿಗೆ ನಾವು ವರ್ಷವರ್ಷವೂ ಹಣ ತೆತ್ತಿದ್ದೇವೆ. ತೆತ್ತು ಹೋಗಿ ಕೂರದಿರುವವರು ನಾವೇ. ಅನೇಕ ಶಾಖೆಗಳಲ್ಲಿ ಇಂದು ದಿನಪತ್ರಿಕೆ ಓದುವ ಹಿರಿಯರಿಗೂ ಪರೀಕ್ಷೆಗೆ ಓದುವ ಯುವಕರಿಗೂ ಮಾತ್ರ ಎಡೆಯಿದೆ. ಮೇಜಿನ ಬಳಿ ವಿದ್ಯುತ್ ಸಂಪರ್ಕ, ಶುದ್ಧವಾದ ಶೌಚಾಲಯ, ಮಾತನಾಡಲು ಒಂದು ಪುಟ್ಟ ಕೋಣೆ, ಈ ಮೂರು ಒದಗಿದರೆ ಅದೇ ಕಟ್ಟಡ ನೂರಾರು ದುಡಿಯುವವರಿಗೆ ಆಸರೆಯಾದೀತು. ಓದುಗರು ತಮ್ಮ ಬಡಾವಣೆಯ ಶಾಖೆಗೆ ಒಮ್ಮೆ ಹೋಗಿ, ವೇಳೆ, ರಜಾದಿನ, ಲ್ಯಾಪ್‌ಟಾಪ್ ಬಳಸುವ ನಿಯಮ ಇವುಗಳನ್ನು ವಿಚಾರಿಸಬೇಕು. ಇಲ್ಲದ್ದನ್ನು ಹತ್ತು ಮನೆಯವರು ಸೇರಿ ಲಿಖಿತವಾಗಿ ಕೇಳಬೇಕು. ಬರುವವರೇ ಇಲ್ಲದ ವಾಚನಾಲಯಕ್ಕೆ ಸೌಕರ್ಯ ಕೊಡುವವರಾರು?

ಸ್ಥಳವನ್ನು ಆರಿಸುವಾಗ ಕೆಲವು ಎಚ್ಚರಿಕೆಗಳು ಬೇಕು. ಮೆಟ್ರೋ ಅಥವಾ ಬಸ್ಸು ಹತ್ತಿರವಿರಲಿ. ಸಂಜೆ ಹೊರಡುವಾಗ ದಾರಿಯಲ್ಲಿ ಬೆಳಕಿರಲಿ. ಗೋಡೆಗೆ ಬೆನ್ನುಮಾಡಿ ಕುಳಿತರೆ ಪರರು ಪರದೆಯನ್ನು ಇಣುಕಲಾರರು. ಸಾರ್ವಜನಿಕ ವೈಫೈ ಬಳಸಿ ಬ್ಯಾಂಕಿನ ವ್ಯವಹಾರ ಮಾಡಬಾರದು. ತಮ್ಮದೇ ಮೊಬೈಲಿನ ಸಂಪರ್ಕ ಲೇಸು. ಗ್ರಾಹಕರ ಹೆಸರು, ಹಣದ ಮೊತ್ತ ಇವುಗಳನ್ನು ನಾಲ್ವರಿಗೆ ಕೇಳುವಂತೆ ಆಡಬಾರದು. ಸಂಸ್ಥೆಯ ಕಡತಗಳನ್ನು ಹೊರಗೆ ತೆರೆಯಲು ಅನುಮತಿ ಇದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳತಕ್ಕದ್ದು.

ಇನ್ನೊಂದು ಮಾತು ನಮ್ಮ ಸಂಘ ಸಂಸ್ಥೆಗಳ ಹಿರಿಯರಿಗೆ. ಹಿಂದೆ ಹಳ್ಳಿಯ ಮಕ್ಕಳು ಓದಲು ಪಟ್ಟಣಕ್ಕೆ ಬಂದು ಉಳಿಯಲು ನೆಲೆ ಕಾಣದಿದ್ದಾಗ ಆ ಕಾಲದ ಹಿರಿಯರು ಉಚಿತ ಪ್ರಸಾದನಿಲಯಗಳನ್ನು ಕಟ್ಟಿದರು. ಅವರು ಅಂದಿನ ಕೊರತೆಯನ್ನು ಅಂದೇ ಕಂಡರು. ಇಂದಿನ ಕೊರತೆಗೆ ಹೊಸ ಕಟ್ಟಡವೂ ಬೇಕಿಲ್ಲ. ಮುಹೂರ್ತವಿಲ್ಲದ ದಿನಗಳಲ್ಲಿ ಕಲ್ಯಾಣ ಮಂಟಪಗಳ ಊಟದ ಮನೆಗಳೂ ಸಭಾಭವನಗಳೂ ಬೀಗ ಹಾಕಿಕೊಂಡಿರುತ್ತವೆ. ವಾರದಲ್ಲಿ ನಾಲ್ಕು ಹಗಲು ಅಲ್ಲಿ ಹತ್ತು ಮೇಜು, ಹತ್ತು ಕುರ್ಚಿ, ಒಂದು ಅಂತರಜಾಲ ಸಂಪರ್ಕ ಇರಿಸಿದರೆ ಆಗುವ ಖರ್ಚು ಅಲ್ಪ. ಜಾತಿಮತವೆಣಿಸದೆ ಬಡಾವಣೆಯ ಎಲ್ಲರಿಗೂ ಅದು ತೆರೆದಿರಲಿ. ವಿದ್ಯುತ್ತಿನ ವೆಚ್ಚಕ್ಕೆಂದು ಬಂದವರು ಕೈಲಾದದ್ದನ್ನು ಕೊಡಲಿ.

ಕೊನೆಯದಾಗಿ ಮನೆಯವರಲ್ಲಿ ಒಂದು ವಿನಂತಿ. ಹೊರಗೆ ಕುಳಿತು ಕೆಲಸ ಮಾಡಿ ಬರುವೆನೆಂದು ಸೊಸೆಯೋ ಮಗಳೋ ಚೀಲ ಹೆಗಲಿಗೇರಿಸಿದಾಗ, ‘ಕಾಫಿ ಅಂಗಡಿಯಲ್ಲಿ ಎಂಥ ಕೆಲಸ’ ಎಂದು ನಗದಿರಿ. ಮಗನು ಕಚೇರಿಗೆ ಹೊರಟಾಗ ಕಟ್ಟಿಕೊಡುವ ಬುತ್ತಿಯನ್ನೇ ಆಕೆಗೂ ಕಟ್ಟಿಕೊಡಿರಿ. ಮಧ್ಯಾಹ್ನದಲ್ಲಿ ಫೋನು ಮಾಡಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕೇಳದಿರಿ. ಆಕೆ ಹೊರಗಿರುವ ಆ ಐದಾರು ತಾಸು ಮನೆಯ ಮಗುವನ್ನೂ ಒಲೆಯನ್ನೂ ನೋಡಿಕೊಳ್ಳುವವರು ಯಾರೆಂಬುದನ್ನು ಗಂಡನೂ ಅತ್ತೆ ಮಾವಂದಿರೂ ಹಿಂದಿನ ರಾತ್ರಿಯೇ ಕುಳಿತು ಹಂಚಿಕೊಳ್ಳಲಿ. ಅಷ್ಟಾದರೆ ಕುರ್ಚಿ ಎಲ್ಲಿ ಸಿಕ್ಕರೂ ಸಾಕು, ಕೆಲಸ ತಾನಾಗಿ ಸಾಗುತ್ತದೆ.