ಜಾಗ್ವಾರ್ ಉಪಮಾನವಲ್ಲ

ಈಚಿನ ಕಾದಂಬರಿಗಳ ವಿಮರ್ಶೆಯಲ್ಲಿ ‘ಪ್ರತೀಕ’ವೆಂಬ ಶಬ್ದವು ಮಿತಿಮೀರಿ ಸಂಚರಿಸುತ್ತಿರುವುದನ್ನು ವಾಚಕ ಮಹಾಶಯರು ಗಮನಿಸಿರಬಹುದು. ಅಮೆಜಾನ್ ಮಹಾರಣ್ಯದ ಮೂಲನಿವಾಸಿಗಳ ಕಥೆಗಳಿಂದ ಎತ್ತಿಕೊಂಡ ಪ್ರಾಣಿಯೊಂದು ಗ್ರಂಥದಲ್ಲಿ ಕಾಣಿಸಿತೆಂದರೆ ತೀರಿತು: ಜಾಗ್ವಾರ್ ಕ್ರೌರ್ಯದ ಪ್ರತೀಕ, ಹಾವು ಕಾಮದ ಪ್ರತೀಕ, ಗಿಣಿಯು ವಾಚಾಳತೆಯ ಪ್ರತೀಕ! ಈ ವ್ಯಾಖ್ಯಾನವು ಸುಲಭವಾದುದು, ಆದರೆ ಸತ್ಯವಾದುದಲ್ಲ.

ದುರ್ಗಸಿಂಹನ ಪಂಚತಂತ್ರವನ್ನೋದಿದ ನಮಗೆ ಈ ಭ್ರಾಂತಿಯುಂಟಾಗುವುದು ಸಹಜವೇ. ಅಲ್ಲಿ ಮೃಗವೆಂಬುದು ವೇಷ, ವೇಷದೊಳಗಿರುವವನು ಮನುಷ್ಯ. ನೀತಿಬೋಧೆಗೆ ಅದು ಯುಕ್ತವಾದ ಮಾರ್ಗ. ಆದರೆ ಅದೇ ಅಳತೆಗೋಲನ್ನು ಅಮೆಜಾನಿಗೆ ಒಯ್ಯುವುದು ಅನ್ಯಾಯ. ಯಾನೊಮಾಮಿ ಜನರ ಮುಖಂಡರಾದ ದಾವಿ ಕೊಪೆನಾವರು ಹೇಳಿ, ಬ್ರೂಸ್ ಆಲ್ಬರ್ಟರು ಬರೆದುಕೊಂಡ ಗ್ರಂಥವು 2010ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾಯಿತು. ಆದಿಕಾಲದ ಪೂರ್ವಜರು ಮೃಗಗಳ ಹೆಸರನ್ನು ಹೊತ್ತ ಮನುಷ್ಯರೇ ಆಗಿದ್ದು ಅನಂತರ ಬೇಟೆಯ ಪ್ರಾಣಿಗಳಾಗಿ ಮಾರ್ಪಟ್ಟರೆಂಬ ನಂಬುಗೆಯು ಅದರಲ್ಲಿ ಸ್ಪಷ್ಟವಾಗಿದೆ. ಬ್ರೆಜಿಲಿನ ಮಾನವಶಾಸ್ತ್ರಜ್ಞ ವಿವೇರೂಸ್ ದಿ ಕಾಸ್ತ್ರು ಅವರು 1996ರಲ್ಲಿ ಇಂತಹ ದರ್ಶನವನ್ನೇ ನಿರೂಪಿಸಿದರು: ಜಾಗ್ವಾರ್ ತನ್ನ ಕಣ್ಣಿಗೆ ತಾನೇ ಮನುಷ್ಯ, ನಮಗೆ ರಕ್ತವಾದುದು ಅದಕ್ಕೆ ಮರಗೆಣಸಿನ ಮದ್ಯ. ಉಪಮೇಯವೇ ಬೇರೆಯಿಲ್ಲದಲ್ಲಿ ಉಪಮಾನವು ಎಲ್ಲಿಂದ ಬಂದೀತು?

ಬ್ರೆಜಿಲಿನ ಗಿಮರಾಯಿಂಸ್ ರೋಜಾ ಈ ಮರ್ಮವನ್ನು ಬಲ್ಲವನು. 1961ರಲ್ಲಿ ಪ್ರಕಟವಾದ ಅವನ ಕಥೆಯೊಂದರಲ್ಲಿ ಜಾಗ್ವಾರ್‌ಗಳನ್ನು ಕೊಲ್ಲಲು ನೇಮಕಗೊಂಡ ಬೇಟೆಗಾರನು ಮೂಲನಿವಾಸಿ ತಾಯಿಯ ಮಗ. ಅವನು ಆ ಮೃಗವನ್ನು ಸೋದರಮಾವನೆನ್ನುವನು. ಕಥೆ ಸಾಗಿದಂತೆ ಅವನ ಪೋರ್ಚುಗೀಸ್ ಭಾಷೆಯು ಒಡೆದು ತುಪಿ ಶಬ್ದಗಳೂ ಗುರುಗುಟ್ಟುವಿಕೆಯೂ ತಲೆಯೆತ್ತುವುವು. ಅಲ್ಲಿ ಅಲಂಕಾರವಿಲ್ಲ, ನೆಂಟಸ್ತಿಕೆಯುಂಟು.

ಪೆರುವಿನ ವರ್ಗಾಸ್ ಯೋಸಾ 1987ರಲ್ಲಿ ಪ್ರಕಟಿಸಿದ ‘ಕಥೆಗಾರ’ ಎಂಬರ್ಥದ ಕಾದಂಬರಿಯು ಬೇರೊಂದು ದಾರಿಯದು. ಲೀಮಾ ನಗರದ ವಿದ್ಯಾರ್ಥಿಯೊಬ್ಬನು ಮಾಚಿಗೆಂಗ ಜನರ ಕಥೆಗಾರನಾಗುವನು. ಕಾಫ್ಕನ ಹುಳುವಾದ ಮನುಷ್ಯನನ್ನು ಅವರ ಪುರಾಣದೊಳಕ್ಕೆ ಸೇರಿಸುವನು. ರಚನಾಚಾತುರ್ಯವು ಅಲ್ಲಗಳೆಯಲಾಗದುದು. ಆದರೆ ಮುಖದ ಮಚ್ಚೆಯಿಂದ ಪರಿಹಾಸಕ್ಕೀಡಾದ ನಾಗರಿಕನೊಬ್ಬನ ವ್ಯಥೆಗೆ ಒಂದು ಜನಾಂಗದ ರೂಪಾಂತರಕಥೆಗಳು ಉಡುಪಾದುವು. ಇದು ನನ್ನ ಆಕ್ಷೇಪ.

ಕವಿಗೆ ಸ್ವಾತಂತ್ರ್ಯವಿಲ್ಲವೇ ಎಂದು ಕೆಲವರು ಕೇಳುವರು. ಉಂಟು, ಅದರೊಡನೆ ಔಚಿತ್ಯವೂ ಉಂಟು. ಸತ್ತ ಮತದ ದೇವತೆಗಳನ್ನು ಬಳಸಿದರೆ ಕೇಳುವವರಿಲ್ಲ. ಇವರಾದರೋ ಬದುಕಿರುವ ಜನರು. ಯಾನೊಮಾಮಿ ಜನರ ನೆಲವು 1992ರಲ್ಲಿ ಕಾನೂನಿನ ರಕ್ಷಣೆ ಪಡೆಯಿತು. ಆದರೂ ಚಿನ್ನ ತೋಡುವವರು ನುಗ್ಗಿ ಹೊಳೆಗಳಿಗೆ ಪಾದರಸವನ್ನು ಬೆರೆಸಿದರು. 2023ರಲ್ಲಿ ಬ್ರೆಜಿಲ್ ಸರಕಾರವು ಅಲ್ಲಿ ಆರೋಗ್ಯದ ತುರ್ತುಪರಿಸ್ಥಿತಿಯನ್ನು ಸಾರಬೇಕಾಯಿತು. ಪ್ರತೀಕಕ್ಕೆ ಕಾಡು ಬೇಕಾಗಿಲ್ಲ. ಕಾಡೆಲ್ಲ ಅಳಿದರೂ ಅದು ಪುಸ್ತಕದಲ್ಲಿ ಸುಖವಾಗಿರುವುದು. ನೆಂಟನು ಹಾಗಲ್ಲ, ಅವನಿಗೆ ನೆಲವೂ ನೀರೂ ಬೇಕು. ಮೃಗವನ್ನು ಪ್ರತೀಕವೆಂದು ಕರೆದು ಸುಮ್ಮನಾಗುವ ಓದುಗನು ಅರಿಯದೆಯೇ ಆ ನೆಂಟಸ್ತಿಕೆಯನ್ನು ಕಡಿದುಹಾಕುವನು.

ಆದುದರಿಂದ ಇಂತಹ ಕಾದಂಬರಿಯನ್ನೋದುವಾಗ ಈ ಮೃಗವು ಏನನ್ನು ಸೂಚಿಸುತ್ತದೆಯೆಂದು ಕೇಳದೆ, ಇದು ಯಾರಿಗೆ ಏನಾಗಬೇಕೆಂದು ಮೊದಲು ಕೇಳಬೇಕು. ಉತ್ತರ ಕೊಡಲಾರದ ಗ್ರಂಥವು ಎಷ್ಟೇ ಸೊಗಸಾಗಿದ್ದರೂ ಪರರ ಒಡವೆಯನ್ನು ತೊಟ್ಟು ಮೆರೆಯುವಂತಹುದೇ ಸರಿ. ಸಹೃದಯರು ವಿಚಾರಿಸಲಿ.