ಮೊದಲು ಕಾಣೋ ಬೆಲೆ, ಕೊನೆಗೆ ಕೊಡೋ ಬೆಲೆ

ಅಂಗಡಿಗೆ ಹೋಗಿ 10 ರೂಪಾಯಿ ಎಂಆರ್‌ಪಿ ಇರೋ ಬಿಸ್ಕೆಟ್ ಪ್ಯಾಕ್ ತಗೊಂಡ್ರೆ ಎಷ್ಟು ಕೊಡ್ತೀರಿ? ಹತ್ತೇ ರೂಪಾಯಿ. ಅಂಗಡಿಯವರು "ಬಿಸ್ಕೆಟ್‌ಗೆ ಹತ್ತು, ಶೆಲ್ಫ್ ಮೇಲೆ ಇಟ್ಟಿದ್ದಕ್ಕೆ ಎರಡು, ನಿಮ್ಮ ಕೈಗೆ ಕೊಟ್ಟಿದ್ದಕ್ಕೆ ಒಂದು, ಅದರ ಮೇಲೆ ಟ್ಯಾಕ್ಸ್" ಅಂದ್ರೆ ಅಲ್ಲೇ ಜಗಳ ಆಗುತ್ತೆ. ದರ್ಶಿನಿಯಲ್ಲೂ ಅಷ್ಟೇ. ಗೋಡೆ ಮೇಲಿನ ಬೋರ್ಡ್ ನೋಡ್ತೀವಿ, ಜೇಬಲ್ಲಿ ಎಷ್ಟಿದೆ ಅಂತ ಲೆಕ್ಕ ಹಾಕ್ತೀವಿ, ಟೋಕನ್ ತಗೋತೀವಿ. ಬೋರ್ಡ್ ಮೇಲೆ ಎಷ್ಟಿದೆಯೋ ಅಷ್ಟೇ ಕೊಡೋದು.

ಇದೇ ನಾವು ಫೋನಿನಲ್ಲಿ ಹೋಟೆಲ್ ರೂಮ್ ಬುಕ್ ಮಾಡುವಾಗ ಮಾತ್ರ ಮೊದಲ ಸ್ಕ್ರೀನ್‌ನಲ್ಲಿ ಒಂದು ಬೆಲೆ, ಕೊನೆಯ ಸ್ಕ್ರೀನ್‌ನಲ್ಲಿ ಇನ್ನೊಂದು ಬೆಲೆ ಬಂದ್ರೂ ಸುಮ್ಮನೆ ಪೇ ಮಾಡ್ತೀವಿ. "ಎಲ್ಲಾ ಆ್ಯಪ್‌ಗಳೂ ಹಾಗೇ ಬಿಡೋ" ಅಂತೀವಿ. ಹಾಗೆ ಬಿಡಬಾರದು ಅನ್ನೋದು ನನ್ನ ವಾದ. ಇಂಜಿನಿಯರಿಂಗ್ ಓದ್ತಿರೋ ನಮಗೆ ಈ ವಿಷಯದಲ್ಲಿ ಬೇರೆಯವರಿಗಿಂತ ಜಾಸ್ತಿ ಜವಾಬ್ದಾರಿನೂ ಇದೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಕಳೆದ ಸೆಮ್‌ನಲ್ಲಿ ನಾವು ನಾಲ್ಕು ಜನ ಹ್ಯಾಕಥಾನ್‌ಗೆ ಬೇರೆ ಊರಿಗೆ ಹೋಗೋದಿತ್ತು. ಒಂದು ಆ್ಯಪ್‌ನಲ್ಲಿ "ಕಡಿಮೆ ಬೆಲೆ ಮೊದಲು" ಅಂತ ಸಾರ್ಟ್ ಮಾಡಿದಾಗ ಎಲ್ಲಕ್ಕಿಂತ ಮೇಲೆ ಬಂದ ರೂಮ್ 899 ರೂಪಾಯಿ. ಮುಂದೆ ಹೋದಂತೆ ಟ್ಯಾಕ್ಸ್ ಸೇರಿತು, ಕನ್ವೀನಿಯನ್ಸ್ ಫೀ ಸೇರಿತು, ಯಾವುದೋ ದೇಣಿಗೆಗೆ ಐದು ರೂಪಾಯಿ ಅಂತ ಮೊದಲೇ ಟಿಕ್ ಆಗಿದ್ದ ಬಾಕ್ಸ್ ಕೂಡ ಇತ್ತು. ಲಿಸ್ಟ್‌ನಲ್ಲಿ ನಾಲ್ಕನೆಯದಾಗಿದ್ದ, ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜ್ ಒಂದರ ಬೆಲೆ ಮೊದಲೇ ಎಲ್ಲ ಸೇರಿಸಿ ಬರೆದಿತ್ತು. ಕೊನೆಗೆ ಲೆಕ್ಕ ಹಾಕಿದ್ರೆ ಅದೇ ಚೀಪ್. ಆದ್ರೆ ಸಾರ್ಟ್ ಮಾಡಿದಾಗ ಅದು ಕೆಳಗೆ ಹೋಗಿತ್ತು.

ನಮಗೆ ಹೋಗೋದು ನೂರಿನ್ನೂರು ರೂಪಾಯಿ ಇರಬಹುದು. ಹಾಸ್ಟೆಲ್‌ನಲ್ಲಿ ಇರೋರಿಗೆ ಅದೂ ಎರಡು ದಿನದ ಖರ್ಚು. ಅದಕ್ಕಿಂತ ದೊಡ್ಡ ಸಮಸ್ಯೆ ಸಾರ್ಟಿಂಗ್‌ನಲ್ಲಿದೆ. ಡೇಟಾ ಸ್ಟ್ರಕ್ಚರ್ಸ್ ಓದಿರೋ ಯಾರಿಗಾದ್ರೂ ಗೊತ್ತು, ಸಾರ್ಟ್ ಮಾಡೋ ಕೀ ತಪ್ಪಿದ್ರೆ ಅಲ್ಗಾರಿದಮ್ ಎಷ್ಟೇ ಚೆನ್ನಾಗಿದ್ರೂ ಬರೋ ಆರ್ಡರ್ ತಪ್ಪೇ. ಎಲ್ಲ ಸೇರಿಸಿ ನಿಜವಾದ ಬೆಲೆ ಬರೆದವರು ಕೆಳಗೆ ಹೋಗ್ತಾರೆ, ಅರ್ಧ ಬೆಲೆ ಮುಚ್ಚಿಟ್ಟವರು ಮೇಲೆ ಬರ್ತಾರೆ. ಹೀಗಿರುವಾಗ ಯಾವ ಲಾಡ್ಜ್ ಮಾಲೀಕ ತಾನಾಗೇ ಪ್ರಾಮಾಣಿಕವಾಗಿ ಇರ್ತಾನೆ?

ಈ ಆಟವನ್ನು ಅತಿ ದೊಡ್ಡ ಮಟ್ಟದಲ್ಲಿ ಆಡಿದ್ದು ಅಮೆರಿಕದ ಹೋಟೆಲ್‌ಗಳು. ಅಲ್ಲಿ ಇದಕ್ಕೆ "ರೆಸಾರ್ಟ್ ಫೀ" ಅಂತ ಹೆಸರು. ಲಾಸ್ ವೇಗಾಸ್‌ನ ದೊಡ್ಡ ಹೋಟೆಲ್‌ಗಳಲ್ಲಿ ರೂಮ್ ಬಾಡಿಗೆ ಜೊತೆ ರಾತ್ರಿಗೆ 40-50 ಡಾಲರ್ ರೆಸಾರ್ಟ್ ಫೀ ಅನ್ನೋದು ಸಾಮಾನ್ಯ. ಏನಕ್ಕೆ ಅಂದ್ರೆ ವೈಫೈಗೆ, ಜಿಮ್‌ಗೆ, ಸ್ವಿಮ್ಮಿಂಗ್ ಪೂಲ್‌ಗೆ, ಕೆಲವು ಕಡೆ ಲೋಕಲ್ ಫೋನ್ ಕಾಲ್‌ಗೆ! ನೀವು ಪೂಲ್ ಕಡೆ ತಲೆ ಹಾಕದಿದ್ರೂ, ಫೋನ್ ಮುಟ್ಟದಿದ್ರೂ ಕೊಡಲೇಬೇಕು. ನ್ಯೂಯಾರ್ಕ್‌ನಂಥ ಊರಲ್ಲಿ ರೆಸಾರ್ಟ್ ಅಂತ ಹೇಳೋಕೆ ಬರಲ್ಲ, ಹಾಗಾಗಿ ಅಲ್ಲಿ "ಡೆಸ್ಟಿನೇಷನ್ ಫೀ" ಅಂದ್ರು. ಕೊಡಲೇಬೇಕಾದ ದುಡ್ಡು ಅಂದ್ಮೇಲೆ ಅದು ಬಾಡಿಗೆಯೇ. ಅದಕ್ಕೆ ಬೇರೆ ಹೆಸರಿಟ್ಟು ಬೇರೆ ಸಾಲಿನಲ್ಲಿ ಬರೆಯೋದು ಮೊದಲ ನಂಬರ್ ಚಿಕ್ಕದಾಗಿ ಕಾಣಲಿ ಅಂತ.

ಅಲ್ಲಿನ ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. ಫೆಡರಲ್ ಟ್ರೇಡ್ ಕಮಿಷನ್, ಅಂದ್ರೆ ಎಫ್‌ಟಿಸಿ, 2012ರಲ್ಲೇ 22 ಹೋಟೆಲ್ ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. 2017ರಲ್ಲಿ ಅದರ ಅರ್ಥಶಾಸ್ತ್ರದ ವಿಭಾಗ, ಈ ಫೀಯನ್ನು ಬಾಡಿಗೆಯಿಂದ ಬೇರೆ ಮಾಡಿ ತೋರಿಸೋದರಿಂದ ಗ್ರಾಹಕರಿಗೆ ನಷ್ಟ ಅಂತ ವರದಿ ಕೊಟ್ಟಿತು. 2019ರಲ್ಲಿ ವಾಷಿಂಗ್ಟನ್ ಡಿಸಿಯ ಅಟಾರ್ನಿ ಜನರಲ್ ಮ್ಯಾರಿಯಟ್ ಮೇಲೆ, ನೆಬ್ರಾಸ್ಕಾ ರಾಜ್ಯದವರು ಹಿಲ್ಟನ್ ಮೇಲೆ ಇದೇ ವಿಷಯಕ್ಕೆ ಕೇಸ್ ಹಾಕಿದ್ರು. ಕ್ಯಾಲಿಫೋರ್ನಿಯಾ 2024ರ ಜುಲೈ 1ರಿಂದ ತನ್ನದೇ ಕಾನೂನು ತಂದಿತು. ಕೊನೆಗೆ ಎಫ್‌ಟಿಸಿಯ ನಿಯಮ ಇಡೀ ದೇಶಕ್ಕೆ ಜಾರಿಯಾಗಿದ್ದು 2025ರ ಮೇ 12ಕ್ಕೆ. ಮೊದಲ ಪತ್ರದಿಂದ ನಿಯಮದವರೆಗೆ ಹನ್ನೆರಡು ವರ್ಷಕ್ಕೂ ಜಾಸ್ತಿ.

ಆ ನಿಯಮ ಏನು ಹೇಳುತ್ತೆ ಅನ್ನೋದನ್ನ ಸರಿಯಾಗಿ ಓದಬೇಕು. ಹೋಟೆಲ್‌ನವರು ಇಷ್ಟೇ ತಗೋಬೇಕು ಅಂತ ಎಲ್ಲೂ ಇಲ್ಲ. ಫೀ ಹಾಕಬಾರದು ಅಂತಾನೂ ಇಲ್ಲ. ಎಷ್ಟು ಬೇಕಾದ್ರೂ ತಗೊಳ್ಳಿ, ಆದ್ರೆ ಕಡ್ಡಾಯ ಫೀ ಎಲ್ಲ ಸೇರಿಸಿದ ಬೆಲೆಯನ್ನೇ ಬೇರೆ ಬೆಲೆಗಿಂತ ಎದ್ದು ಕಾಣೋ ಹಾಗೆ ತೋರಿಸಿ ಅಂತ ಇದೆ. ಕನ್ಸರ್ಟ್, ಮ್ಯಾಚ್ ಟಿಕೆಟ್‌ಗಳಿಗೂ ಇದೇ ನಿಯಮ. ಇದರಿಂದ ಜನ ನಿಜವಾದ ಬೆಲೆ ಹುಡುಕೋಕೆ ಕಳೆಯೋ ಸಮಯ ವರ್ಷಕ್ಕೆ 5.3 ಕೋಟಿ ಗಂಟೆವರೆಗೆ ಉಳಿಯುತ್ತೆ ಅನ್ನೋದು ಎಫ್‌ಟಿಸಿಯ ಅಂದಾಜು.

"ಪೇ ಮಾಡೋ ಮುಂಚೆ ಟೋಟಲ್ ತೋರಿಸ್ತಾರಲ್ಲ, ಮತ್ತೇನು ಮೋಸ?" ಅಂತ ನನ್ನ ರೂಮ್‌ಮೇಟ್ ಕೇಳಿದ. ಒಳ್ಳೆ ಪ್ರಶ್ನೆ. ಉತ್ತರ ಸ್ಟಬ್‌ಹಬ್ ಅನ್ನೋ ಟಿಕೆಟ್ ಮಾರೋ ವೆಬ್‌ಸೈಟ್‌ನ ಕಥೆಯಲ್ಲಿದೆ. ಅವರು 2014ರಲ್ಲಿ ಎಲ್ಲ ಫೀ ಸೇರಿಸಿದ ಬೆಲೆಯನ್ನು ಮೊದಲೇ ತೋರಿಸೋಕೆ ಶುರು ಮಾಡಿದ್ರು. 2015ರಲ್ಲಿ ಒಂದು ದೊಡ್ಡ ಎ/ಬಿ ಟೆಸ್ಟ್ ಮಾಡಿದ್ರು. ಕೆಲವರಿಗೆ ಪೂರ್ತಿ ಬೆಲೆ ಮೊದಲೇ ಕಾಣುತ್ತೆ, ಇನ್ನು ಕೆಲವರಿಗೆ ಫೀ ಕೊನೆಯ ಚೆಕ್‌ಔಟ್ ಪೇಜ್‌ನಲ್ಲಿ ಮಾತ್ರ. ಗಮನಿಸಿ, ಇಬ್ಬರಿಗೂ ಪೇ ಮಾಡೋ ಮುಂಚೆ ಟೋಟಲ್ ಗೊತ್ತಾಗುತ್ತೆ. ಆದ್ರೂ ಫೀ ಕೊನೆಗೆ ನೋಡಿದವರು ಸುಮಾರು ಶೇ. 21ರಷ್ಟು ಜಾಸ್ತಿ ಖರ್ಚು ಮಾಡಿದ್ರು. ಕೊಂಡುಕೊಂಡವರ ಸಂಖ್ಯೆ ಜಾಸ್ತಿಯಾಯ್ತು, ಅವರು ಆರಿಸಿದ ಸೀಟ್‌ಗಳೂ ದುಬಾರಿಯಾದವು. ಮಾಹಿತಿ ಅದೇ, ಟೋಟಲ್ ಅದೇ. ಯಾವ ಸ್ಕ್ರೀನ್‌ನಲ್ಲಿ ತೋರಿಸಿದ್ರು ಅನ್ನೋದಷ್ಟೇ ಬೇರೆ.

ಇದು ಯಾಕೆ ಆಗುತ್ತೆ ಅನ್ನೋದು ನಮಗೂ ಗೊತ್ತು. ಹತ್ತು ರೂಮ್ ನೋಡಿ, ಒಂದನ್ನು ಆರಿಸಿ, ಎಲ್ಲರ ಹೆಸರು, ವಯಸ್ಸು ಟೈಪ್ ಮಾಡಿ, ಓಟಿಪಿ ಹಾಕಿ ಕೊನೆಗೆ ಬಂದಾಗ ಬೆಲೆ ಏರಿದ್ರೆ ಮತ್ತೆ ಮೊದಲಿಂದ ಹುಡುಕೋ ತಾಳ್ಮೆ ಯಾರಿಗಿದೆ? ಅಷ್ಟೊತ್ತಿಗೆ ಮನಸ್ಸು ಆ ರೂಮಿಗೆ ಹೋಗಿ ಮಲಗಿರುತ್ತೆ.

ಟೆಸ್ಟ್ ಆದ್ಮೇಲೆ ಸ್ಟಬ್‌ಹಬ್ ಏನು ಮಾಡಿತು ಗೊತ್ತಾ? ಫೀಯನ್ನು ಮತ್ತೆ ಕೊನೆಯ ಪೇಜ್‌ಗೇ ತಳ್ಳಿತು. ಪ್ರಾಮಾಣಿಕವಾಗಿ ಇರೋಕೆ ಹೋದ ಕಂಪನಿಗೆ ತನ್ನದೇ ಡೇಟಾ "ನೀನು ನಷ್ಟದಲ್ಲಿದ್ದೀಯ" ಅಂತ ಹೇಳಿದ್ರೆ ಅದು ಬೇರೆ ಏನು ತಾನೇ ಮಾಡುತ್ತೆ? ಅದಕ್ಕೇ "ಒಳ್ಳೆಯವರಿಂದ ಕೊಂಡುಕೊಳ್ಳಿ, ಕೆಟ್ಟವರು ತಾವಾಗೇ ಸರಿಹೋಗ್ತಾರೆ" ಅನ್ನೋ ಮಾತನ್ನ ನಾನು ನಂಬಲ್ಲ. ಇಲ್ಲಿ ಎಲ್ಲರೂ ಒಟ್ಟಿಗೆ ಬದಲಾಗಬೇಕು, ಒಟ್ಟಿಗೆ ಬದಲಾಗೋಕೆ ನಿಯಮ ಬೇಕು. ಅಮೆರಿಕದ ಹೋಟೆಲ್ ಉದ್ಯಮದ ಸಂಘವೇ ಬುಕಿಂಗ್ ಸೈಟ್‌ಗಳೂ ಸೇರಿ ಎಲ್ಲರಿಗೂ ಒಂದೇ ನಿಯಮ ಆಗೋದಾದ್ರೆ ನಮ್ಮ ಬೆಂಬಲ ಇದೆ ಅಂತ ಹೇಳಿದ್ದು ಈ ಕಾರಣಕ್ಕೇ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಕಾನೂನು ಇಲ್ಲ ಅಂದುಕೊಂಡಿದ್ರೆ ತಪ್ಪು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರವೇ ಎಲ್ಲ ಚಾರ್ಜ್, ಟ್ಯಾಕ್ಸ್ ಸೇರಿದ ಒಟ್ಟು ಬೆಲೆಯನ್ನು ಒಂದೇ ನಂಬರ್‌ನಲ್ಲಿ, ಬಿಡಿ ಲೆಕ್ಕದ ಜೊತೆ ತೋರಿಸಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಡಾರ್ಕ್ ಪ್ಯಾಟರ್ನ್‌ಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿತು. ಬೆಲೆಯನ್ನು ಮೊದಲೇ ಹೇಳದೆ ಹನಿ ಹನಿಯಾಗಿ ಬಿಚ್ಚೋ "ಡ್ರಿಪ್ ಪ್ರೈಸಿಂಗ್" ಅದರಲ್ಲಿದೆ. ನಾವು ಕೇಳದ ದೇಣಿಗೆಯನ್ನ ಬಿಲ್‌ಗೆ ಸೇರಿಸೋ "ಬಾಸ್ಕೆಟ್ ಸ್ನೀಕಿಂಗ್" ಅದರಲ್ಲಿದೆ. "ಇನ್ನು ಎರಡೇ ರೂಮ್ ಉಳಿದಿದೆ" ಅಂತ ಸುಳ್ಳು ಹೇಳಿ ಹೆದರಿಸೋದೂ ಅದರಲ್ಲಿದೆ. 2025ರ ಜೂನ್‌ನಲ್ಲಿ ಆನ್‌ಲೈನ್ ಕಂಪನಿಗಳಿಗೆ ಮೂರು ತಿಂಗಳಲ್ಲಿ ನಿಮ್ಮ ನಿಮ್ಮ ಆ್ಯಪ್‌ಗಳನ್ನು ನೀವೇ ಆಡಿಟ್ ಮಾಡಿಕೊಳ್ಳಿ ಅಂತಾನೂ ಪ್ರಾಧಿಕಾರ ಹೇಳಿತು.

ಇಷ್ಟಿದ್ರೂ ಸಾಲದು ಅಂತ ನನಗೆ ಅನ್ಸೋದು ಒಂದು ಕಾರಣಕ್ಕೆ. ಒಟ್ಟು ಬೆಲೆಯನ್ನು ಮೊದಲ ಸ್ಕ್ರೀನ್‌ನಲ್ಲಿ ತೋರಿಸಬೇಕೋ ಕೊನೆಯದರಲ್ಲೋ ಅನ್ನೋದನ್ನ ಅನುಮಾನಕ್ಕೆ ಜಾಗ ಇಲ್ಲದ ಹಾಗೆ ಬರೆಯಬೇಕು. ಆಟ ನಡೆಯೋದೇ ಅಲ್ಲಿ ಅಂತ ಸ್ಟಬ್‌ಹಬ್ ಟೆಸ್ಟ್ ತೋರಿಸಿದೆ. ಬಿಸ್ಕೆಟ್ ಪ್ಯಾಕ್ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರಬೇಕು ಅಂತ ನಮ್ಮ ಕಾನೂನು ನೇರವಾಗಿ ಹೇಳುತ್ತೆ. ರೂಮಿಗೂ ಅಷ್ಟೇ ನೇರವಾದ ಒಂದು ಸಾಲು ಬೇಕು: ಸರ್ಚ್‌ನಲ್ಲಿ ಮೊದಲು ಕಾಣೋ ನಂಬರ್, ಸಾರ್ಟ್ ಮಾಡೋಕೆ ಬಳಸೋ ನಂಬರ್, ಪೇ ಮಾಡೋ ನಂಬರ್, ಮೂರೂ ಒಂದೇ ಆಗಿರಬೇಕು.

ಅಮೆರಿಕದ ನಿಯಮದಲ್ಲಿ ಸರ್ಕಾರದ ಟ್ಯಾಕ್ಸ್ ಅನ್ನು ಮೊದಲ ಬೆಲೆಯಿಂದ ಹೊರಗಿಡೋಕೆ ಅವಕಾಶ ಇದೆ. ನಮ್ಮಲ್ಲಿ ಅದೂ ಬೇಡ. "ಟ್ಯಾಕ್ಸ್ ಎಷ್ಟಾಗುತ್ತೆ ಅಂತ ಮೊದಲೇ ಹೇಳೋದು ಕಷ್ಟ" ಅನ್ನೋ ನೆಪ ಇಲ್ಲಿ ನಡೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲೆ ಶೇ. 18. ಇದು ಒಂದು ಇಫ್, ಒಂದು ಎಲ್ಸ್. ಫಸ್ಟ್ ಸೆಮ್ ಸಿ ಲ್ಯಾಬ್‌ನಲ್ಲಿ ಇದಕ್ಕಿಂತ ಕಷ್ಟದ್ದು ಬರೆದಿದ್ದೀವಿ. ಯುರೋಪಿಯನ್ ಒಕ್ಕೂಟ ವಿಮಾನ ಟಿಕೆಟ್‌ಗೆ ಟ್ಯಾಕ್ಸ್, ಚಾರ್ಜ್ ಎಲ್ಲ ಸೇರಿದ ಕೊನೆ ಬೆಲೆಯನ್ನೇ ತೋರಿಸಬೇಕು ಅಂತ 2008ರಲ್ಲೇ ನಿಯಮ ಮಾಡಿದೆ. ವಿಮಾನಕ್ಕೆ ಆಗೋದು ಲಾಡ್ಜ್ ರೂಮಿಗೆ ಆಗಲ್ವಾ?

"ಹಾಗೆ ಮಾಡಿದ್ರೆ ರೂಮ್ ಬೆಲೆ ಜಾಸ್ತಿಯಾಗುತ್ತೆ" ಅನ್ನೋದು ಇನ್ನೊಂದು ಮಾತು. ತೋರಿಸೋ ಬೆಲೆ ಜಾಸ್ತಿ ಆಗುತ್ತೆ, ಹೌದು. ನಿಮ್ಮ ಅಕೌಂಟಿನಿಂದ ಹೋಗೋ ದುಡ್ಡು ಮೊದಲೂ ಅಷ್ಟೇ ಇತ್ತು. ಈಗ ಅದು ಕಣ್ಣಿಗೆ ಕಾಣುತ್ತೆ ಅಷ್ಟೇ. ಕಂಡಮೇಲೆ ಪಕ್ಕದವರ ಬೆಲೆ ಜೊತೆ ಹೋಲಿಸ್ತೀವಿ, ಆಗ ಇಳಿಸೋ ಒತ್ತಡನೂ ಬರುತ್ತೆ.

ಇನ್ನು ನಮ್ಮ ಜವಾಬ್ದಾರಿ ವಿಷಯ. ಈ ಚೆಕ್‌ಔಟ್ ಪೇಜ್‌ಗಳು ಆಕಾಶದಿಂದ ಬೀಳಲ್ಲ. ಯಾರೋ ಡಿಸೈನ್ ಮಾಡ್ತಾರೆ, ಯಾರೋ ಕೋಡ್ ಬರೀತಾರೆ, ಯಾರೋ ಎ/ಬಿ ಟೆಸ್ಟ್ ರನ್ ಮಾಡಿ "ರೆವೆನ್ಯೂ ಜಾಸ್ತಿಯಾಗಿದೆ" ಅಂತ ಸ್ಲೈಡ್ ಹಾಕ್ತಾರೆ. ಇನ್ನು ಎರಡು ಮೂರು ವರ್ಷದಲ್ಲಿ ಆ ಯಾರೋ ನಾವೇ. ಆ ಬಾಕ್ಸ್ ಮೊದಲೇ ಟಿಕ್ ಆಗಿರಬೇಕೋ ಬೇಡವೋ ಅನ್ನೋದು ಕೋಡ್‌ನಲ್ಲಿ ಟ್ರೂ ಅಥವಾ ಫಾಲ್ಸ್ ಅನ್ನೋ ಒಂದು ಪದ. ಅದನ್ನ ಟೈಪ್ ಮಾಡೋದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೋ ಹುಡುಗಿಯೋ.

ಅಂಥ ಜಾಗದಲ್ಲಿ ಕೂತು "ಸರ್, ಇದು ಸರಿ ಅನ್ನಿಸ್ತಿಲ್ಲ" ಅಂದ್ರೆ ಯಾರೂ ಕೇಳಲ್ಲ. ಪ್ರೊಬೇಷನ್‌ನಲ್ಲಿ ಇರೋರಿಗೆ ಹಾಗೆ ಹೇಳೋ ಧೈರ್ಯನೂ ಬರಲ್ಲ, ಅದರಲ್ಲಿ ಅವರ ತಪ್ಪೇನಿಲ್ಲ. ಆದ್ರೆ "ಸರ್, ಇದು 2023ರ ಮಾರ್ಗಸೂಚಿಯಲ್ಲಿ ಡ್ರಿಪ್ ಪ್ರೈಸಿಂಗ್ ಆಗುತ್ತೆ, ಲೀಗಲ್ ಟೀಮ್‌ಗೆ ಒಂದು ಸಲ ತೋರಿಸೋಣ್ವಾ?" ಅಂದ್ರೆ ಮೀಟಿಂಗ್‌ನಲ್ಲಿ ಎಲ್ಲರೂ ತಿರುಗಿ ನೋಡ್ತಾರೆ. ಸ್ಪಷ್ಟವಾದ ನಿಯಮ ಇದ್ರೆ ರೂಮ್ ಹುಡುಕೋ ಗ್ರಾಹಕನಿಗೆ ಲಾಭ, ಸರಿಯಾದ ಬೆಲೆ ಬರೆಯೋ ಲಾಡ್ಜ್‌ನವರಿಗೆ ಲಾಭ. ಟೀಮ್‌ನಲ್ಲಿ ಎಲ್ಲರಿಗಿಂತ ಜೂನಿಯರ್ ಆಗಿರೋ ಇಂಜಿನಿಯರ್‌ಗೂ ಬಾಯಿ ಬಿಡೋಕೆ ಒಂದು ಆಧಾರ ಸಿಗುತ್ತೆ. ನನಗೆ ಈ ಮೂರನೆಯದೇ ಮುಖ್ಯ ಅನ್ಸುತ್ತೆ.

ಹಾಗಾಗಿ ಎರಡು ಕೆಲಸ ಮಾಡೋಣ. ಫೆಸ್ಟ್‌ಗೋ ಟ್ರಿಪ್‌ಗೋ ರೂಮ್ ಬುಕ್ ಮಾಡುವಾಗ ಮೊದಲ ಬೆಲೆಯದ್ದೊಂದು, ಕೊನೆಯ ಬೆಲೆಯದ್ದೊಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವ್ಯತ್ಯಾಸಕ್ಕೆ ಸರಿಯಾದ ಉತ್ತರ ಸಿಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕಾಲ್ ಮಾಡಿ ದೂರು ಕೊಡಿ. ಎರಡನೆಯದು, ಆ 13 ಡಾರ್ಕ್ ಪ್ಯಾಟರ್ನ್‌ಗಳ ಪಟ್ಟಿಯನ್ನು ಒಂದು ಸಲ ಓದಿ. ಕೆಲವೇ ಪುಟ ಇದೆ, ಇಂಟರ್ನಲ್ಸ್ ಹಿಂದಿನ ರಾತ್ರಿ ನಾವು ಓದೋದಕ್ಕಿಂತ ತುಂಬಾ ಕಡಿಮೆ. ಮಿನಿ ಪ್ರಾಜೆಕ್ಟ್‌ಗೆ ಬುಕಿಂಗ್ ಆ್ಯಪ್ ಮಾಡ್ತಿರೋರು ನಮ್ಮ ಕ್ಲಾಸ್‌ನಲ್ಲೇ ಮೂರು ಟೀಮ್ ಇದ್ದಾರೆ. ಮೊದಲ ಸ್ಕ್ರೀನ್‌ನಲ್ಲೇ ಪೂರ್ತಿ ಬೆಲೆ ತೋರಿಸೋ ಅಭ್ಯಾಸವನ್ನ ಅಲ್ಲಿಂದಲೇ ಶುರು ಮಾಡಬಹುದು.